ಪಿಸುಮಾತಿನ ಭಜನೆ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಭಜನೆಯನ್ನು ಪಿಸುಗುಟ್ಟುತ್ತಿದ್ದೆವು. ನಗಬೇಡಿ ಮಕ್ಕಳೇ, ಇದು ನಿಜ. ನಮ್ಮ ಉಡುಪಿ ಕಡೆಯ ಮನೆಗಳಲ್ಲಿ ಮುಸ್ಸಂಜೆ ದೀಪ ಹಚ್ಚಿ, ತಾಳ ಹಿಡಿದು, ನೆರೆಮನೆಗೂ ಕೇಳುವಂತೆ ಭಜನೆ ಮಾಡುವುದು ವಾಡಿಕೆ. ಇಂಗ್ಲೆಂಡಿನ ಲೀಡ್ಸ್‌ಗೆ ಬಂದ ಮೇಲೂ ಅಪ್ಪ ಅದನ್ನು ಬಿಡಲಿಲ್ಲ. ಆದರೆ ಒಂದು ಸಂಜೆ ಭಜನೆಯ ನಡುವೆಯೇ ಕಿಟಕಿಯ ಗಾಜು ಒಡೆದು ಇಟ್ಟಿಗೆಯೊಂದು ಒಳಗೆ ಬಂದು ಬಿತ್ತು. ಮಾರನೆಯ ದಿನವೇ ಅಪ್ಪ ತಾಳಕ್ಕೆ ಬಟ್ಟೆ ಸುತ್ತಿದರು. ಹಾಡು ಗಂಟಲು ದಾಟಬಾರದು ಎಂದು ಕಾನೂನು ಮಾಡಿದರು. ದೇವರಿಗೆ ಕಿವಿ ಚುರುಕು, ಕೇಳಿಸುತ್ತದೆ ಎನ್ನುತ್ತಿದ್ದರು. ನನಗೆ ಮಾತ್ರ ಅನುಮಾನವಿತ್ತು. ಪಕ್ಕದಲ್ಲೇ ಕುಳಿತ ಅಕ್ಕ ಹಾಡುವುದೇ ನನಗೆ ಕೇಳಿಸುತ್ತಿರಲಿಲ್ಲ!

ಅಪ್ಪ ಆಸ್ಪತ್ರೆಯಲ್ಲಿ ಡಾಕ್ಟರು. ನಮ್ಮ ಬೀದಿಯ ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ನಮ್ಮ ಗೋಡೆಯ ಆಚೆ ಬದಿಗೆ ಒಬ್ಬ ಕಪ್ಪು ಅಮೆರಿಕನ್ ಅಜ್ಜಿ ಇದ್ದರು. ಹಾಡುವ ತಂಡವೊಂದರ ಜೊತೆ ಹಡಗಿನಲ್ಲಿ ಬಂದವರು, ಇಲ್ಲೇ ಮದುವೆಯಾಗಿ ಉಳಿದುಬಿಟ್ಟಿದ್ದರು. ನಾವು ಅವರನ್ನು ಪಿಯಾನೋ ಅಜ್ಜಿ ಎನ್ನುತ್ತಿದ್ದೆವು. ಶಾಲೆ ಬಿಟ್ಟ ಮೇಲೆ ಅಕ್ಕ ಅವರ ಮನೆಗೆ ಪಿಯಾನೋ ಕಲಿಯಲು ಹೋಗುತ್ತಿದ್ದಳು, ನಾನು ಬಿಸ್ಕತ್ತು ತಿನ್ನಲು.

ಬಿಸ್ಕತ್ತಿನ ಜೊತೆಗೆ ಕತೆಯೂ ಸಿಗುತ್ತಿತ್ತು. ಅಮೆರಿಕದ ದಕ್ಷಿಣದ ಹತ್ತಿ ಹೊಲಗಳಲ್ಲಿ ಅವರ ಜನ ಕಣ್ಣೆತ್ತಿ ನೋಡಲೂ ಹೆದರಬೇಕಿತ್ತಂತೆ. ಹೆದರಿ ಹೆದರಿ ಸಾಕಾಗಿ, ಲಕ್ಷಗಟ್ಟಲೆ ಜನ ಗಂಟುಮೂಟೆ ಕಟ್ಟಿ ಉತ್ತರದ ರೈಲು ಹತ್ತಿದರಂತೆ. ಕೂಸಾಗಿದ್ದ ಪಿಯಾನೋ ಅಜ್ಜಿಯನ್ನು ಎತ್ತಿಕೊಂಡು ಅವರ ತಾಯಿಯೂ ಹತ್ತಿದರು. ಇಳಿದದ್ದು ನ್ಯೂಯಾರ್ಕಿನ ಹಾರ್ಲೆಮ್ ಎಂಬ ಕೇರಿಯಲ್ಲಿ. “ನಮ್ಮ ಮೇಲಿನ ಮಹಡಿಯಲ್ಲಿ ಕವಿ, ಕೆಳಗೆ ತುತ್ತೂರಿ ಊದುವವನು, ಎದುರಿಗೆ ಚಿತ್ರ ಬರೆಯುವವಳು. ಅಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ದವರು ಒಟ್ಟಿಗೇ ಬಾಯಿ ಬಿಟ್ಟರೆ ಹೇಗಿರಬೇಕು ಹೇಳು!” ಎನ್ನುತ್ತಿದ್ದರು.

“ಅಲ್ಲಿಗೆ ಬಂದ ಮೇಲೆ ಭಯ ಹೋಯಿತಾ?” ಎಂದು ನಾನು ಕೇಳಿದ್ದೆ.

“ಎಲ್ಲಿ ಹೋಗುತ್ತೆ ಮಗು? ಅದೂ ಅದೇ ರೈಲು ಹತ್ತಿ ಬಂದಿತ್ತು.”

ಚಳಿಗಾಲದ ಒಂದು ಶನಿವಾರ, ನಮ್ಮಂಥವರನ್ನೆಲ್ಲ ಈ ದೇಶದಿಂದ ಓಡಿಸಬೇಕು ಎನ್ನುವವರು ಪೇಟೆಯಲ್ಲಿ ಮೆರವಣಿಗೆ ಹೊರಟಿದ್ದರು. ಬೆಳಿಗ್ಗೆ ಡ್ಯೂಟಿಗೆ ಹೊರಡುವಾಗ ಅಪ್ಪ, “ಬಾಗಿಲು ತೆಗೀಬೇಡಿ. ಬೆಳಕಿರುವಾಗ್ಲೇ ಬರ್ತೇನೆ” ಎಂದರು. ನಾಲ್ಕು ಗಂಟೆಗೇ ಕತ್ತಲಾಯಿತು. ಅಪ್ಪ ಬರಲಿಲ್ಲ. ಅಮ್ಮ ಪರದೆ ಎಳೆದು ದೀಪ ಹಚ್ಚಿದರು. ಎಳ್ಳೆಣ್ಣೆಯ ವಾಸನೆಯೂ ಸೀಮೆಎಣ್ಣೆ ಹೀಟರಿನ ವಾಸನೆಯೂ ಸೇರಿ ತಲೆ ಸುತ್ತುತ್ತಿತ್ತು. ಬೀದಿಯ ಮೂಲೆಯಲ್ಲಿ ಕೇಕೆ ಕೇಳಿಸಿತು, ಬಾಟಲಿ ಒಡೆದ ಸದ್ದು, ಮತ್ತೆ ನಗು. ಅವತ್ತು ನಮಗೆ ಪಿಸುಗುಟ್ಟಲೂ ಆಗಲಿಲ್ಲ. ನನಗೆ ಒಂದಕ್ಕೆ ಅವಸರವಾಗಿತ್ತು, ಆದರೆ ಎದ್ದು ಹೋಗಲು ಧೈರ್ಯವಿರಲಿಲ್ಲ.

ಯಾರೋ ದಬದಬ ಬಾಗಿಲು ಬಡಿದರು. ಮುಸ್ಸಂಜೆಯ ದೀಪ ಆರಿಸುವಂತಿಲ್ಲವಲ್ಲ, ಅಮ್ಮ ಬೆಳಕು ಕಾಣದಂತೆ ಅದಕ್ಕೆ ಎರಡೂ ಕೈ ಅಡ್ಡ ಹಿಡಿದರು. “ನಾನೇ, ಪಕ್ಕದವಳು” ಎಂಬ ದನಿ ಕೇಳಿದ ಮೇಲೆ ಅಕ್ಕ ಬಾಗಿಲು ತೆಗೆದಳು.

ಪಿಯಾನೋ ಅಜ್ಜಿಗೆ ಏದುಸಿರು ಬರುತ್ತಿತ್ತು. ಮೂಲೆಯ ಅಂಗಡಿಯ ಮುಂದೆ ಏಳೆಂಟು ಹುಡುಗರು ಬಾಟಲಿ ಹಿಡಿದು ನಿಂತಿದ್ದಾರೆ, ಡಾಕ್ಟರು ಬಸ್ಸಿಳಿದು ಅವರನ್ನು ದಾಟಿಯೇ ಬರಬೇಕಲ್ಲ ಎಂದರು. ಇಂಗ್ಲಿಷ್ ಅಷ್ಟಾಗಿ ಬಾರದ ಅಮ್ಮನಿಗೆ ಅಕ್ಕ ಅದನ್ನು ಕನ್ನಡದಲ್ಲಿ ಹೇಳಿದಳು. ಅಮ್ಮ ಕುಸಿದು ಕುಳಿತರು. ನಮ್ಮಲ್ಲೂ ಅಜ್ಜಿಯ ಮನೆಯಲ್ಲೂ ಫೋನಿರಲಿಲ್ಲ. ಪೊಲೀಸರಿಗೆ ಹೇಳೋಣವೆಂದರೆ ಫೋನ್ ಬೂತ್ ಇದ್ದದ್ದೂ ಅದೇ ಮೂಲೆಯಲ್ಲಿ.

“ಬೀದಿಯವರೆಲ್ಲ ಪರದೆ ಎಳೆದು ಕೂತಿದ್ದಾರೆ. ಆ ಹುಡುಗರು ಏನು ಮಾಡಿದರೂ ನೋಡುವವರಿಲ್ಲ. ಜನರನ್ನು ಬಾಗಿಲಿಗೆ ಬರಿಸಬೇಕು. ನಾನು ಬಾಗಿಲು ತೆರೆದಿಟ್ಟು ಬಾರಿಸುತ್ತೇನೆ. ನಿನ್ನ ಮಗಳು ಹಾಡಲಿ” ಎಂದರು ಪಿಯಾನೋ ಅಜ್ಜಿ.

“ಬೇಡ ಮಗಳೇ, ಅಪ್ಪ ಬೈತಾರೆ” ಎಂದರು ಅಮ್ಮ.

“ಬೈಲಿಕ್ಕಾದ್ರೂ ಅಪ್ಪ ಮನೆಗೆ ಬರ್ಬೇಕಲ್ಲಮ್ಮಾ?” ಎಂದಳು ಅಕ್ಕ. ಅಜ್ಜಿಯ ಹಿಂದೆಯೇ ಹೊರಟಳು.

ಪಿಯಾನೋ ಅಜ್ಜಿಯ ಬಾಗಿಲು ತೆರೆದು ಬೆಳಕು ಬೀದಿಗೆ ಚೆಲ್ಲಿತು. ಪಿಯಾನೋ ಶುರುವಾಯಿತು. ಅಕ್ಕ ಮೆಟ್ಟಿಲ ಮೇಲೆ ನಿಂತು ಬಾಯಿ ತೆರೆದಳು, ದನಿಯೇ ಬರಲಿಲ್ಲ. ಎಷ್ಟೋ ತಿಂಗಳು ಪಿಸುಗುಟ್ಟಿದ ಗಂಟಲು! ಆಮೇಲೆ ಒಡಕು ದನಿ ಬಂತು, ಆಮೇಲೆ ಭಜನೆ ಬಂತು. ನಾನು ನಮ್ಮ ಬಾಗಿಲಲ್ಲಿ ಅಮ್ಮನ ಸೆರಗು ಹಿಡಿದುಕೊಂಡು ನಿಂತಿದ್ದೆ. ಬಾಟಲಿಯೊಂದು ಹಾರಿಬಂದು ಅಕ್ಕನ ಕಾಲ ಬಳಿ ಒಡೆಯಿತು. ಪಿಯಾನೋ ನಿಂತಿತು. ಅಕ್ಕ ಮಾತ್ರ ಕಣ್ಣು ಮುಚ್ಚಿಕೊಂಡು ಹಾಡುತ್ತಲೇ ಇದ್ದಳು, ಪಿಯಾನೋ ಮತ್ತೆ ಬಂದು ಸೇರಿಕೊಂಡಿತು.

ಎದುರು ಮನೆಯ ಐರಿಷ್ ಹೆಂಗಸು ಇದೇನು ಗದ್ದಲ ಎಂದು ಬೈಯುತ್ತಲೇ ಬಾಗಿಲು ತೆಗೆದರು. ಮೂಲೆಯಲ್ಲಿದ್ದ ಹುಡುಗರನ್ನು ನೋಡಿದ ಮೇಲೆ ಒಳಗೆ ಹೋಗಲಿಲ್ಲ. ಆಮೇಲೆ ಜಮೈಕಾದ ಬಸ್ ಕಂಡಕ್ಟರ್, ಆಮೇಲೆ ಇನ್ನೊಂದು ಬಾಗಿಲು, ಮತ್ತೊಂದು.

ಆಗ ಅಪ್ಪ ಕಾಣಿಸಿದರು. ಬ್ಯಾಗನ್ನು ಎದೆಗೆ ಅವಚಿಕೊಂಡು, ಓಡದೆ, ಯಾರನ್ನೂ ನೋಡದೆ ನಡೆದು ಬರುತ್ತಿದ್ದರು. ಶಾಲೆಯಲ್ಲಿ ನನ್ನ ಬೆನ್ನಿಗೆ ಬೀಳುತ್ತಿದ್ದ ಅದೇ ಹೊಲಸು ಮಾತು ಅವರ ಬೆನ್ನಿಗೂ ಬಿತ್ತು. ಒಬ್ಬ ಹುಡುಗ ಬಾಟಲಿ ಎತ್ತಿಕೊಂಡು ಹಿಂದೆಯೇ ಬಂದ. ಮೆಟ್ಟಿಲುಗಳ ಮೇಲೆ ಜನ ನಿಂತಿರುವುದನ್ನು ನೋಡಿ ನಿಂತ.

ಅಪ್ಪ ಮನೆ ಮುಟ್ಟಿದರು. ಇನ್ನು ಅಕ್ಕನಿಗೆ ಗ್ರಹಚಾರ ಕಾದಿದೆ ಎಂದುಕೊಂಡೆ. ಮೆಟ್ಟಿಲು ಹತ್ತಲಾಗದೆ ಅವರು ಗೋಡೆ ಹಿಡಿದುಕೊಂಡರು. ಅಪ್ಪ ನಡುಗುವುದನ್ನು ನಾನು ಅವತ್ತೇ ಮೊದಲು ನೋಡಿದ್ದು. “ನಿಲ್ಲಿಸ್ಬೇಡ ಮಗಳೇ, ಅವ್ರು ಇನ್ನೂ ಹೋಗ್ಲಿಲ್ಲ” ಎಂದರು.

ಈಗ ನಿಮಗೆ ಹಾರ್ಲೆಮ್ ಕವಿಗಳ ಪದ್ಯ ಶಾಲೆಯಲ್ಲೇ ಪಾಠ. ಬರ್ಚ್‌ವುಡ್‌ನ ನಿಮ್ಮ ಮನೆಯ ಬಚ್ಚಲಿನಲ್ಲಿ ನೀವು ಹಾಡಿದರೆ ಬೀದಿಗೆಲ್ಲ ಕೇಳುತ್ತದೆ, ಯಾರೂ ಇಟ್ಟಿಗೆ ಎಸೆಯುವುದಿಲ್ಲ. ನನ್ನ ಹೊಟ್ಟೆ ತಣ್ಣಗಾಗುತ್ತದೆ. ಆದರೆ ಮೊನ್ನೆ ಬೇಸಿಗೆಯಲ್ಲಿ ನಮ್ಮನ್ನು ಓಡಿಸಬೇಕು ಎನ್ನುವವರೇ ಮತ್ತೆ ಬೀದಿಗಿಳಿದಾಗ, ಪೇಟೆಗೆ ಹೋಗಬೇಡಿ ಎಂದರು ನಿಮ್ಮ ಅಮ್ಮ. ಊಟಕ್ಕೆ ಕುಳಿತಾಗ ನಿಮ್ಮ ದನಿ ತಾನಾಗಿ ತಗ್ಗಿತ್ತು. ಯಾರೂ ಹೇಳಿರಲಿಲ್ಲ. ಟಿವಿಯಲ್ಲಿ ಕಂಡ ಗಲಭೆಗಿಂತ ನನಗೆ ಅದೇ ಹೆಚ್ಚು ಭಯವಾಯಿತು.

ಅದಕ್ಕೇ ನಾನು ಮೊಮ್ಮಕ್ಕಳಿಗೆ ಈ ಕತೆ ಹೇಳಿದ್ದು. ಕೇಳಿ ಮುಗಿಸಿದ ಚಿಕ್ಕವಳು, “ಸೋ, ಕ್ಯಾನ್ ಐ ಸಿಂಗ್ ನೌ, ಅಜ್ಜಾ?” ಎಂದು ಎದ್ದು ನಿಂತಳು. ಕಿಟಕಿ ತೆರೆದೇ ಇತ್ತು. ಅವಳು ಹಾಡಿದಳು, ಜೋರಾಗಿ, ಶ್ರುತಿ ತಪ್ಪಿ. ನನ್ನ ಕಣ್ಣು ಬೀದಿಯ ಕಡೆಗೇ ಹೋಯಿತು. ನಿಲ್ಲಿಸು ಎಂದು ಮಾತ್ರ ನಾನು ಹೇಳಲಿಲ್ಲ.