ನಾದಿನಿಯ ಹಲಗೆ

ನಾದಿನಿ ಕಾಲು ಮುರಿದುಕೊಂಡ ಸುದ್ದಿ ಬಂದಾಗ ನಾನು ಮೆಷಿನ್ ಮುಂದೆ ಕೂತು ಜೀನ್ಸ್ ಪ್ಯಾಂಟಿಗೆ ಜೇಬು ಕೂರಿಸುತ್ತಿದ್ದೆ. ರಾಯದುರ್ಗದಲ್ಲಿ ನಮ್ಮ ಬೀದಿಯ ಮುಕ್ಕಾಲು ಮನೆಗಳಲ್ಲಿ ಇದೇ ಕೆಲಸ. ನಮ್ಮ ಯಜಮಾನರದು ಪಕ್ಕದ ರಸ್ತೆಯಲ್ಲಿ ಕಿರಾಣಿ ಅಂಗಡಿ. ಅವರ ತಂಗಿ, ಅಂದರೆ ನನ್ನ ನಾದಿನಿ, ಆಂಧ್ರದ ಕರಾವಳಿಯ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ನರ್ಸು. ಮದುವೆಯಾಗಿಲ್ಲ, ಕ್ವಾರ್ಟರ್ಸಿನಲ್ಲಿ ಒಬ್ಬಳೇ ಇರುತ್ತಾಳೆ. ಮೆಟ್ಟಿಲ ಮೇಲೆ ಜಾರಿಬಿದ್ದು ಪಾದದ ಗಂಟಿನ ಹತ್ತಿರ ಮೂಳೆ ಬಿರುಕು ಬಿಟ್ಟಿತ್ತು. ಅತ್ತೆಗೆ ಮಂಡಿನೋವು. ಮಗಳಿಗೆ ಬೇಸಿಗೆ ರಜ ಶುರುವಾಗಿತ್ತು, ಅವಳು ಅಜ್ಜಿಯ ಹತ್ತಿರ ಇರಲಿ ಅಂತ ಬಿಟ್ಟು ನಾನೇ ಹೊರಟೆ.

ಗುಂತಕಲ್ಲಿನಲ್ಲಿ ರೈಲು ಹತ್ತಿ, ಇಳಿದು ಬಸ್ಸು ಹಿಡಿದು, ಕೊನೆಗೆ ಶೇರ್ ಆಟೋದಲ್ಲಿ ಮೀನಿನ ಬುಟ್ಟಿಗಳ ನಡುವೆ ಕೂತು ಆ ಊರು ಮುಟ್ಟಿದೆ. ಸರ್ವೆ ಮರಗಳ ತೋಪು, ಅದರಾಚೆ ಮರಳು, ಮರಳಿನ ಮೇಲೆ ಮಗುಚಿ ಹಾಕಿದ ದೋಣಿಗಳು, ಆಮೇಲೆ ಸಮುದ್ರ. ನೋಡಲು ಬರುವವರು ಯಾರೂ ಇಲ್ಲ. ಒಂದು ಹೋಟೆಲಿಲ್ಲ, ಒಂದು ಬೋರ್ಡಿಲ್ಲ. ಆಟೋದವನಿಗೇ ನಾನು ಅಲ್ಲಿಗೆ ಯಾಕೆ ಬಂದೆ ಎಂದು ಆಶ್ಚರ್ಯವಾಗಿತ್ತು.

ನಾದಿನಿ ಮಂಚದ ಮೇಲೆ ಕಟ್ಟು ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದಳು. ಅನ್ನಕ್ಕಿಟ್ಟು ಮನೆ ಗುಡಿಸುವಾಗ ಬಾಗಿಲ ಹಿಂದೆ ಗೋಡೆಗೆ ಒರಗಿಸಿದ್ದ ಒಂದು ಉದ್ದನೆ ಹಳದಿ ಹಲಗೆ ಕಂಡಿತು. ನನಗಿಂತ ಎತ್ತರ, ಎರಡೂ ತುದಿ ಚೂಪು.

"ಇದೇನಮ್ಮ, ಇಸ್ತ್ರಿ ಹಲಗೆನಾ? ಇಷ್ಟುದ್ದ ಯಾಕೆ?" ಅಂದೆ.

ಅವಳು ನಕ್ಕಳು. ನಕ್ಕವಳು ತಟ್ಟನೆ ಗಂಭೀರವಾದಳು. "ಅತ್ತಿಗೆ, ನೀವು ಅಮ್ಮಗ ಹೇಳಬ್ಯಾಡ್ರಿ."

ಆಗ ಗೊತ್ತಾಯಿತು. ನಮ್ಮ ನಾದಿನಿ ಎರಡು ವರ್ಷದಿಂದ ಸರ್ಫಿಂಗ್ ಮಾಡುತ್ತಿದ್ದಳು. ಹಲಗೆ ತೆಗೆದುಕೊಂಡು ನೀರಿಗೆ ಹೋಗುವುದು, ಅಲೆ ಬಂದಾಗ ಅದರ ಮೇಲೆ ಎದ್ದು ನಿಂತು ದಡದವರೆಗೆ ಬರುವುದು. ಆ ಊರಿನ ಮೀನುಗಾರನೊಬ್ಬ ಚೆನ್ನೈ ಕಡೆ ಇಂಥದ್ದನ್ನು ಕಲಿಸುವ ಕಡೆ ಕೆಲಸಕ್ಕಿದ್ದು, ಹಳೆಯ ಹಲಗೆ ಕೆಲವನ್ನು ಹೊತ್ತುಕೊಂಡು ಊರಿಗೆ ಮರಳಿದ್ದ. ಕೈಗೆ ಗಾಯ ಮಾಡಿಕೊಂಡು ಆಸ್ಪತ್ರೆಗೆ ಬಂದಾಗ ಇವಳು ಹೊಲಿಗೆ ಹಾಕಿದ್ದಳಂತೆ. ಗುರುತಾಗಿ, ಇವಳು ಅಣ್ಣ ಎಂದು ಕರೆದು, ಅವನು ಮೊದಲು ಈಜು, ಆಮೇಲೆ ಹಲಗೆ ಕಲಿಸಿಕೊಟ್ಟ.

"ಅಮ್ಮಗ ಗೊತ್ತಾದ್ರ ನೌಕರಿನೇ ಬಿಡಿಸ್ತಾಳ. ಗಂಡು ಯಾರು ಒಪ್ತಾರ ಅಂತಾಳ," ಎಂದಳು.

ಮರುದಿನ ಬೆಳಗ್ಗೆ ನನ್ನ ಹೆಗಲ ಮೇಲೆ ಕೈ ಹಾಕಿಕೊಂಡು ಕುಂಟುತ್ತ ಮರಳಿಗೆ ಬಂದಳು. ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದೆ. ಅವಳ ಮೀನುಗಾರ ಅಣ್ಣ, ನನ್ನ ವಯಸ್ಸಿನ ಕಪ್ಪು ಗಟ್ಟಿ ಮನುಷ್ಯ, ನೀರೊಳಗಿದ್ದ. ಹಿಂದಿನಿಂದ ಒಂದು ಅಲೆ ಎದ್ದಿತು. ಅವನು ಹಲಗೆಯ ಮೇಲೆ ಬೋರಲು ಮಲಗಿ ಎರಡು ಕೈಯಲ್ಲಿ ನೀರು ಎಳೆದ, ಅಲೆ ಅವನನ್ನು ಎತ್ತಿತು, ಎದ್ದು ನಿಂತ. ಕಾಲ ಕೆಳಗೆ ನೀರು ಓಡುತ್ತಿದ್ದರೂ ಬಸ್ಸಿಗೆ ಕಾಯುವವನ ಹಾಗೆ ನಿರಾಳವಾಗಿ ನಿಂತೇ ದಡಕ್ಕೆ ಬಂದ. ನನ್ನ ಅಂಗಾಲು ಜುಮ್ಮೆಂದಿತು.

"ನನಗೂ ಈಜು ಬತ್ತದೆ ಕಣಮ್ಮ," ಅಂದುಬಿಟ್ಟೆ.

ನಾದಿನಿ ನಂಬಲಿಲ್ಲ. ನಂಬದೇ ಇರುವುದು ಸಹಜ. ಮದುವೆಯಾಗಿ ಬಂದ ಮೇಲೆ ನಾನು ಈಜಿದ್ದನ್ನು ರಾಯದುರ್ಗದಲ್ಲಿ ಯಾರೂ ಕಂಡಿಲ್ಲ. ನನ್ನ ತವರು ಮಡಕಶಿರಾದ ಆಚೆ, ರೊಳ್ಳದ ಹತ್ತಿರ. ಕಡ್ಲೆಕಾಯಿ, ಹಿಪ್ಪುನೇರಳೆ ಬೆಳೆಯುವ ಹೊಲ, ಹೊಲದ ನಡುವೆ ಕಲ್ಲು ಕಟ್ಟಿದ ದೊಡ್ಡ ಬಾವಿ. ಮಕ್ಕಳು ಆಡುತ್ತ ಎಲ್ಲಿ ಬಿದ್ದುಬಿಡುತ್ತಾರೋ ಎಂದು ಅಪ್ಪ ನಮ್ಮೆಲ್ಲರ ಬೆನ್ನಿಗೂ ಸೋರೆಬುರುಡೆ ಕಟ್ಟಿ ನೀರಿಗಿಳಿಸುತ್ತಿದ್ದ. ಹೆಣ್ಣು ಗಂಡು ನೋಡಲಿಲ್ಲ. ನಾನು ಅಣ್ಣಂದಿರಿಗಿಂತ ಮೇಲಿನ ಕಲ್ಲಿನಿಂದ ಧುಮುಕುತ್ತಿದ್ದೆ, ತಳದ ಮಣ್ಣು ಹಿಡಿದು ತಂದು ತೋರಿಸುತ್ತಿದ್ದೆ. ದೊಡ್ಡವಳಾದ ಮೇಲೆ ಅಮ್ಮ ಬಾವಿಗೆ ಕಳಿಸುವುದನ್ನು ನಿಲ್ಲಿಸಿದಳು. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

ಇದನ್ನೆಲ್ಲ ಕೇಳಿದ ಮೇಲೆ ನಾದಿನಿ ಅವನ ಹಲಗೆಯ ಕಡೆ ಕೈ ತೋರಿಸಿ, "ಮತ್ತ ಯಾಕ ಕುಂತೀರಿ?" ಎಂದಳು.

ಮೊದಲ ದಿನ ಚೂಡಿದಾರದಲ್ಲೇ ಇಳಿದೆ. ಪ್ಯಾಂಟಿನೊಳಗೆ ನೀರು ತುಂಬಿ ಎರಡು ಬಿಂದಿಗೆ ಕಾಲಿಗೆ ಕಟ್ಟಿದ ಹಾಗಾಯಿತು. ಬಾವಿಯ ನೀರು ನಿಂತಲ್ಲೇ ನಿಂತು ನಮ್ಮನ್ನು ತೇಲಿಸುತ್ತದೆ. ಈ ನೀರು ಎಳೆಯುತ್ತದೆ, ದೂಡುತ್ತದೆ, ಒಂದು ಕ್ಷಣ ಪುರುಸೊತ್ತು ಕೊಡುವುದಿಲ್ಲ. ಎದೆಮಟ್ಟ ಹೋಗುವಷ್ಟರಲ್ಲಿ ಅಲೆಯೊಂದು ನನ್ನನ್ನು ಮಗುಚಿ ಹಾಕಿತು. ಮೂಗು, ಗಂಟಲು ಉರಿದವು. ಎದ್ದೆ, ಇನ್ನೊಂದು ಬಂದು ಮತ್ತೆ ಬೀಳಿಸಿತು. ನಾನು ಕೈಕಾಲು ಬಡಿಯುವುದನ್ನು ನೋಡಿ ಆ ಮನುಷ್ಯ ಹತ್ತಿರ ಬಂದ.

"ನೀಳ್ಳತೋ ಪೋಟ್ಲಾಡಕಮ್ಮಾ," ಎಂದ. ನೀರಿನ ಜೊತೆ ಜಗಳಕ್ಕೆ ಬೀಳಬೇಡಮ್ಮ ಅಂತ.

ಅವತ್ತೇ ಆಸ್ಪತ್ರೆಯ ಆಯಾಳ ಮನೆಯಲ್ಲಿದ್ದ ಹೊಲಿಗೆ ಮೆಷಿನ್ ಕೇಳಿ ಪಡೆದೆ. ನಾದಿನಿಯ ಲೆಗ್ಗಿಂಗ್ಸ್ ಎರಡು ಬಿಚ್ಚಿ, ತುಂಬು ತೋಳಿನ ಒಂದು ಟೀ ಶರ್ಟನ್ನು ಕತ್ತರಿಸಿ ಮೈಗೆ ಅಂಟುವ ಒಂದೇ ತುಂಡಿನ ಉಡುಪು ಮಾಡಿಕೊಂಡೆ. ಸೊಂಟದ ಮೇಲೆ ಒಂದು ಪಾವಡೆಯಂಥ ಸಣ್ಣ ನೆರಿಗೆ ಇಟ್ಟೆ, ಅದಿಲ್ಲದೆ ಮರಳಿನ ಮೇಲೆ ನಡೆಯಲು ನನಗೆ ಮನಸ್ಸು ಬರುತ್ತಿರಲಿಲ್ಲ. ಆ ಉಡುಪು ನೀರು ಕುಡಿಯಲಿಲ್ಲ, ಹೊಲಿಗೆ ಒಂದೂ ಬಿಡಲಿಲ್ಲ.

ಮಧ್ಯಾಹ್ನ ಮನೆಯಲ್ಲಿ ಪಾಠ. ನಾದಿನಿ ನನ್ನಿಂದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಹಲಗೆಯ ಆಕಾರ ಬರೆಸಿದಳು. ಅದರ ಮೇಲೆ ಬೋರಲು ಮಲಗುವುದು, ಎದೆಯ ಪಕ್ಕ ಕೈಯೂರಿ ಒಂದೇ ಸಲಕ್ಕೆ ಎದ್ದು ಪಾದ ಕೂರಿಸುವುದು. ಮೊಣಕಾಲು ಊರಿ ಎದ್ದರೆ ಒಪ್ಪುತ್ತಿರಲಿಲ್ಲ.

"ಮತ್ತೊಮ್ಮೆ ಮಾಡ್ರಿ."

"ಸೊಂಟ ಬಿದ್ದೋಯ್ತದೆ ಕಣೆ."

"ಬೀಳಲಿ, ನಾ ನರ್ಸ್ ಅದೀನಿ. ಮಾಡ್ರಿ."

ಅಡುಗೆ, ಬಟ್ಟೆ, ಅವಳ ಸ್ನಾನ, ಎಲ್ಲದಕ್ಕೂ ಅವಳು ನನ್ನನ್ನೇ ಕಾಯಬೇಕಿತ್ತು. ಈ ಒಂದು ವಿಷಯದಲ್ಲಿ ಮಾತ್ರ ಅವಳು ಟೀಚರು, ನಾನು ಹಿಂದಿನ ಬೆಂಚು.

ಹತ್ತು ಹದಿನೈದು ದಿನ ಹೀಗೇ ಹೋದವು. ನೆಲದ ಮೇಲೆ ಸರಾಗವಾಗಿ ಎದ್ದು ನಿಲ್ಲುವವಳು ನೀರಿನಲ್ಲಿ ಎದ್ದ ಕೂಡಲೇ ಬೀಳುತ್ತಿದ್ದೆ. ಒಂದು ದಿನ ಬಿದ್ದಾಗ, ಹಲಗೆ ಕೈತಪ್ಪಿ ಹೋಗದಂತೆ ಕಾಲಿಗೆ ಕಟ್ಟಿಕೊಂಡಿದ್ದ ಹಗ್ಗ ಜಗ್ಗಿ ಅದು ವಾಪಸ್ಸು ಚಿಮ್ಮಿ ಕೆನ್ನೆಗೆ ಬಡಿಯಿತು. ದಡಕ್ಕೆ ಬಂದಾಗ ನಾದಿನಿಯ ಮುಖ ಬಿಳುಚಿಕೊಂಡಿತ್ತು.

"ಸಾಕು ಬಿಡ್ರಿ ಅತ್ತಿಗೆ. ನಿಮಗೇನರ ಆದ್ರ ಅಣ್ಣಗ ನಾ ಏನು ಹೇಳ್ಲಿ?"

"ನೀನ್ಯಾಕೆ ಹೇಳ್ಬೇಕು? ನಾನೇ ಹೇಳ್ತೀನಿ."

ಸಂಜೆ ಯಜಮಾನರಿಗೆ ಫೋನ್ ಮಾಡಿ ನನ್ನ ವಿಷಯವನ್ನಷ್ಟೇ ಹೇಳಿದೆ, ನಾದಿನಿಯದು ಎತ್ತಲಿಲ್ಲ. ಅವರು ಅಂಗಡಿಯಲ್ಲಿದ್ದರು. ಯಾರಿಗೋ ಬೆಲ್ಲ ತೂಗುತ್ತಿದ್ದರು.

"ಹಲಗಿ ಗಟ್ಟಿ ಐತೇನು?" ಎಂದು ಕೇಳಿದರು.

"ಐತೆ. ಕೆನ್ನೆಗೆ ಗೊತ್ತು."

"ಹಂಗಾದ್ರ ನಿಂತು ಬಾ. ಅಮ್ಮಗ ನಾ ಏನೂ ಹೇಳಾದಿಲ್ಲ."

ಅದಾದ ಮೂರ್ನಾಲ್ಕು ದಿನಕ್ಕೆ ನಿಂತೆ. ಬೆಳಗ್ಗೆ ಗಾಳಿ ಇನ್ನೂ ಎದ್ದಿರಲಿಲ್ಲ. ಸೂರ್ಯ ಆಗಷ್ಟೇ ನೀರಿನಿಂದ ಮೇಲೆ ಬಂದಿದ್ದ. ಹಿಂದಿನಿಂದ ಅಲೆ ಬಂದು ಹಲಗೆಯ ಬಾಲ ಎತ್ತಿದ್ದು ಹೊಟ್ಟೆಗೆ ಗೊತ್ತಾಯಿತು. ಕೈಯೂರಿದೆ, ಎದ್ದೆ. ಬೀಳುತ್ತೇನೆ ಎಂದು ಕಾದೆ, ಬೀಳಲಿಲ್ಲ. ಎಡಗಾಲು ಮುಂದೆ, ಬಲಗಾಲು ಹಿಂದೆ, ಮಂಡಿ ಬಾಗಿಸಿ ನಿಂತಿದ್ದೆ, ಹಲಗೆ ಹೋಗುತ್ತಿತ್ತು. ದಡದ ಸರ್ವೆ ಮರಗಳು, ದೋಣಿಗಳು, ನಾದಿನಿಯ ಪ್ಲಾಸ್ಟಿಕ್ ಕುರ್ಚಿ ನನ್ನತ್ತ ಬರುತ್ತಿದ್ದವು. ಮಂಡಿಯುದ್ದದ ನೀರಿಗೆ ಬರುವವರೆಗೂ ನಿಂತಿದ್ದು, ಆಮೇಲೆ ನಾನಾಗಿಯೇ ಇಳಿದೆ. ಬೀಳದೆ ಇಳಿದದ್ದು ಅದೇ ಮೊದಲು.

ನಾದಿನಿ ಒಂಟಿಗಾಲಿನಲ್ಲಿ ಎದ್ದು ನಿಂತಿದ್ದಳು. ಅಳುತ್ತಿದ್ದಳು, ಬೈಯುತ್ತಲೂ ಇದ್ದಳು. "ತಲಿ ಕೆಳಗ ಹಾಕಿದ್ರಿ. ಮುಂದ ನೋಡಬೇಕು ಅಂತ ಎಷ್ಟು ಸಲ ಹೇಳೀನಿ." ಅವಳ ಮೀನುಗಾರ ಅಣ್ಣ ನೀರಿನಲ್ಲೇ ಎರಡೂ ಕೈ ಎತ್ತಿ ನಮಸ್ಕಾರ ಮಾಡಿದ. ಬಾವಿಯ ಮೇಲಿನ ಕಲ್ಲಿನಿಂದ ಹಾರುತ್ತಿದ್ದ ಹುಡುಗಿ ನಾನೇ ಎಂದು ಇಷ್ಟು ವರ್ಷ ನನಗೂ ಪೂರ್ತಿ ನಂಬಿಕೆ ಇರಲಿಲ್ಲ. ಅವತ್ತು ಮರಳಿನ ಮೇಲೆ ತಲೆಯೆತ್ತಿ ನಡೆದೆ.

ಕಟ್ಟು ಬಿಚ್ಚಿದ ವಾರವೇ ಯಜಮಾನರು ಅತ್ತೆಯನ್ನೂ ಮಗಳನ್ನೂ ಕರೆದುಕೊಂಡು ಬಂದರು. ನಾದಿನಿಯ ಮುಖ ನೋಡದೆ ಇರಲಾರೆ ಎಂದು ಅತ್ತೆ ಮಂಡಿಗೆ ಎಣ್ಣೆ ಹಚ್ಚಿ ಬಟ್ಟೆ ಸುತ್ತಿಕೊಂಡೇ ಹೊರಟಿದ್ದರಂತೆ. ನಾದಿನಿ ಹಲಗೆಯನ್ನು ಮಂಚದ ಕೆಳಗೆ ತಳ್ಳಿ ಮೇಲೆ ಬೆಡ್‌ಶೀಟ್ ಇಳಿಬಿಟ್ಟಳು. ನನಗೆ ಅದು ಸರಿಯೆನಿಸಲಿಲ್ಲ.

"ಎಷ್ಟು ದಿನ ಅಂತ ಮುಚ್ಚಿಕ್ತೀಯ? ನನ್ನ ನೋಡ್ಲಿ ಮೊದ್ಲು. ಬೈದ್ರೆ ನಂಗೇ ಬೈಲಿ," ಅಂದೆ. ಅವಳು ಬೆಡ್‌ಶೀಟಿನ ಅಂಚನ್ನು ಇನ್ನೊಮ್ಮೆ ಸರಿಮಾಡಿದಳು.

ಬೆಳಗ್ಗೆ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ನಾನು ಹಲಗೆ ಹೊತ್ತುಕೊಂಡು ನೀರಿಗೆ ನಡೆದೆ. ಹಿಂದಿನಿಂದ, "ಇಕಿ ಎಲ್ಲಿಗಿ ಹೊಂಟ್ಲು?" ಎಂದದ್ದು ಕೇಳಿಸಿತು. ಮೊದಲನೆಯ ಅಲೆಗೆ ಬಿದ್ದೆ. ತಲೆ ಎತ್ತಿ ನೋಡಿದರೆ ಅತ್ತೆ ಕುರ್ಚಿ ಬಿಟ್ಟು ನೀರಿನಂಚಿಗೆ ಬಂದಿದ್ದರು, ಯಜಮಾನರು ಅವರ ಕೈ ಹಿಡಿದಿದ್ದರು. ಎರಡನೆಯದನ್ನು ಬಿಟ್ಟೆ. ಮೂರನೆಯದಕ್ಕೆ ನಿಂತೆ, ಅತ್ತೆಯ ಕಾಲ ಹತ್ತಿರದವರೆಗೆ ನಿಂತೇ ಬಂದೆ.

ಅತ್ತೆ ನನ್ನನ್ನು ತಲೆಯಿಂದ ಪಾದದವರೆಗೆ ನೋಡಿದರು. ಆಮೇಲೆ ಹಲಗೆ ನೋಡಿದರು.

"ಯಾರದು ಇದು ಹಲಗಿ?"

"ನಂದಮ್ಮ," ಎಂದಳು ನಾದಿನಿ.

"ನೀನೂ ಇದರ ಮ್ಯಾಲೆ ನಿಂತ್ಕಂತೀಯೇನು?"

"ನಿಂತ್ಕಂತೀನಿ."

"ಇಕಿಗಿಂತ ಚೆಂದ?"

ನಾದಿನಿ ನನ್ನ ಮುಖ ನೋಡಿದಳು. ನಾನೇ ಹೇಳಿದೆ. "ಬೋ ಚೆನ್ನಾಗಿ ಅತ್ತೆ. ನಂಗೆ ಕಲ್ಸಿದ್ದೇ ಅವ್ಳು."

ನೀರು ಅತ್ತೆಯ ಸೀರೆಯ ಅಂಚು ನೆನೆಸಿ ಹಿಂದೆ ಹೋಯಿತು. "ಹಂಗಾದ್ರ ಕಾಲು ಬಲ ಬರ್ಲಿ. ನಾ ನೋಡೇ ಊರಿಗೆ ಹೋಗ್ತೀನಿ," ಎಂದರು.

ಹೇಳಿದ ಹಾಗೇ ಉಳಿದರು. ಯಜಮಾನರು ಅಂಗಡಿಗೆ, ಮಗಳು ಸ್ಕೂಲಿಗೆ ವಾಪಸ್ಸಾದರು. ಡಾಕ್ಟರು ಒಪ್ಪುವವರೆಗೆ ಅತ್ತೆ ನಾದಿನಿಯ ಕಾಲಿಗೆ ಬಿಸಿನೀರಿನ ಕಾವು ಕೊಟ್ಟರು, ಬೆಳಗ್ಗೆ ನನ್ನ ಜೊತೆ ಮರಳಿಗೆ ಬಂದು ಕೂತರು, ಮೀನುಗಾರರ ಹೆಂಗಸರ ಜೊತೆ ತೆಲುಗಿನಲ್ಲಿ ಹರಟೆ ಹೊಡೆದರು. ಅತ್ತೆಯದು ರಾಯದುರ್ಗದ ಕಡೆಯ ತೆಲುಗು ಎಂದು ಅವರು ನಕ್ಕರೆ ಅತ್ತೆಯೂ ನಕ್ಕರು.

ನಾದಿನಿ ಮತ್ತೆ ನೀರಿಗಿಳಿದ ದಿನ ಅತ್ತೆ ಕೂರಲೇ ಇಲ್ಲ. ಅವಳು ಒಂದೇ ಸಲಕ್ಕೆ ಎದ್ದು ನಿಂತಳು. ನಾನು ಅಲೆ ಕರೆದೊಯ್ದ ಕಡೆ ಹೋಗುವವಳು. ಅವಳು ಅಲೆಗೆ ಅಡ್ಡವಾಗಿ ಹಲಗೆ ತಿರುಗಿಸಿ, ಕೆಳಗಿಳಿದು, ಮತ್ತೆ ಮೇಲೇರಿ, ಅಲೆ ಮುರಿದು ಬೀಳುವ ಜಾಗದ ಮುಂದೆಯೇ ಓಡಿದಳು. ನನ್ನ ಟೀಚರು ಎಂಥವಳು ಎಂದು ಅವತ್ತು ಕಂಡೆ. ಕೊನೆಯ ದಿನ ಅವಳ ಮೀನುಗಾರ ಅಣ್ಣ ಇನ್ನೊಂದು ಹಲಗೆ ಕೊಟ್ಟ, ಇಬ್ಬರೂ ಒಂದೇ ಅಲೆಯ ಮೇಲೆ ನಿಂತು ಬಂದೆವು. ಅತ್ತೆ ಸೆರಗಿನಿಂದ ಮೊದಲು ಅವಳ ತಲೆ ಒರೆಸಿದರು, ಆಮೇಲೆ ನನ್ನದು.

ಈಗ ಪ್ರತಿ ಬೇಸಿಗೆ ನಾನೂ ಮಗಳೂ ಅಲ್ಲಿಗೆ ಹೋಗುತ್ತೇವೆ. ಆ ಊರಿನ ಕೆಲವು ಹುಡುಗಿಯರೂ ಹಲಗೆ ಹಿಡಿದಿದ್ದಾರೆ. ಅವರ ಉಡುಪುಗಳನ್ನು ರಾಯದುರ್ಗದಲ್ಲಿ ನಾನೇ ಹೊಲಿದು ಒಯ್ಯುತ್ತೇನೆ.

ಹೋದ ವರ್ಷ ಬೆಳುಗುಪ್ಪದ ಕಡೆಯಿಂದ ನಾದಿನಿಗೆ ಒಂದು ಸಂಬಂಧ ಬಂತು. ಗಂಡಿನ ಸೋದರಮಾವ ಹಜಾರದಲ್ಲಿ ಕೂತು ಓದು, ನೌಕರಿ ಎಲ್ಲ ವಿಚಾರಿಸುತ್ತಿದ್ದ. ನಾನು ಕಾಫಿ ಹಿಡಿದು ಬಾಗಿಲಲ್ಲಿದ್ದೆ. ಅತ್ತೆ ಅವನ ಮಾತನ್ನು ಮಧ್ಯದಲ್ಲೇ ನಿಲ್ಲಿಸಿದರು.

"ಒಂದು ಮಾತು ಮೊದಲೇ ಹೇಳಿಬಿಡ್ತೀನ್ರಿ. ನಮ್ಮ ಹುಡುಗಿ ಸಮುದ್ರದಾಗ ಹೋಗಿ ಅಲೆ ಮ್ಯಾಲೆ ನಿಂತ್ಕಂತಾಳ. ನಮ್ಮ ಸೊಸಿನೂ ನಿಂತ್ಕಂತಾಳ, ನಾನೇ ನೋಡೀನಿ. ಮದುವಿ ಆದ್ರೂ ಅದನ್ನ ಬಿಡಾದಿಲ್ಲ. ಒಪ್ಪಿಗಿ ಇದ್ರ ಮುಂದಿನ ಮಾತು."

ಆತ ಬಾಯಿ ತೆರೆದು ನನ್ನನ್ನೇ ನೋಡಿದ. ನಾನು ಒಳಗೆ ಹೋಗಿ ಕಾಫಿ ಕೊಟ್ಟೆ.