ಗುರಿಯಮ್ಮನ ಬಂದೂಕು
ಗಾಳಿಗೆ ಚಿಮ್ಮಿದ ಮಣ್ಣಿನ ಬಿಲ್ಲೆಗಳಿಗೆ ಗುಂಡು ಹೊಡೆಯುವ ಆಟದಲ್ಲಿ ಹೆಸರು ಮಾಡಿದ್ದ ಗುರಿಯಮ್ಮ ಪ್ರತಿ ಶನಿವಾರ ಬಂದೂಕಿನ ಅಂಗಡಿಗೆ ಬರುತ್ತಾರೆ. ಕೈಯಿಂದ ಹಿಡಿ ಎಳೆದು ಗುಂಡು ಏರಿಸುವ ಪಂಪ್ ಬಂದೂಕು ಖಾಲಿಯೆಂದು ನೋಡಿಕೊಂಡು, ಭುಜಕ್ಕಾನಿಸಿ ಗೋಡೆಯ ಗಡಿಯಾರಕ್ಕೆ ಗುರಿಯಿಟ್ಟರೆ ಮುಳ್ಳುಗಳೂ ಉಸಿರು ಬಿಗಿಹಿಡಿಯುತ್ತವೆ. "ಅಂದ ಕಟ್ಕೊಂಡು ಏನ್ಮಾಡ್ಲಿ? ಭುಜಕ್ಕೆ ಒಗ್ಗಬೇಕು," ಎಂದು ಒಂದೊಂದನ್ನೂ ಪಕ್ಕಕ್ಕಿಡುತ್ತಾರೆ. ಪಾರ್ಶ್ವವಾಯು ಬಡಿದ ಎಡಗೈಯಿಂದ ನಳಿಗೆಯ ಕೆಳಗಿನ ಹಿಡಿಯನ್ನು ಹಿಂದಕ್ಕೆಳೆದರೆ ಅದು ಅರ್ಧಕ್ಕೇ ನಿಲ್ಲುತ್ತದೆ. ಅಂಗಡಿಯವನು ಮರುಗಿ, "ಅಮ್ಮಾ, ತಾನಾಗೇ ಗುಂಡು ಏರಿಸ್ಕೊಳ್ಳೋದು ಇದೆ, ತಗೊಳ್ಳಿ," ಎಂದರೆ ಸಿಡುಕುತ್ತಾರೆ: "ಎಲ್ಲಾ ಅದೇ ಮಾಡಿದ್ರೆ ಈ ಕೈ ಯಾವಾಗಪ್ಪ ಕಲಿಯೋದು?" ಮೊನ್ನೆ ಎಲ್ಲಕ್ಕಿಂತ ಬಿಗಿಯಾದುದನ್ನೇ ಎತ್ತಿಕೊಂಡು, ತುಟಿ ಕಚ್ಚಿ ಎಳೆದರು, ಹಿಡಿ ಕೊನೆಯವರೆಗೂ ಬಂತು. ಕೆನ್ನೆಗಿಳಿದ ನೀರನ್ನು ಒರೆಸಿಕೊಳ್ಳದೆ, "ಇದನ್ನೇ ಕೊಡಪ್ಪ. ನಾಳೆ ಮೈದಾನಕ್ಕೆ ಹೋಗ್ಬೇಕು," ಎಂದರು.