ಅವ್ವ ಊಟಕ್ಕೆ ಕರೆದವರು

ನಂಬಿ ಎಂದು ನಾನು ಯಾರ ಕಾಲಿಗೂ ಬೀಳುವುದಿಲ್ಲ. ಜರ್ಮನಿಯ ಅಬ್‌ಸ್ಟಾಟ್‌ನಲ್ಲಿ ಕಾರಿನ ಬ್ರೇಕ್ ಪರೀಕ್ಷೆ ಮಾಡುವ ಎಂಜಿನಿಯರ್ ನಾನು. ಕಾರಣವಿಲ್ಲದೆ ಯಾವ ಗಾಲಿಯೂ ನಿಲ್ಲುವುದಿಲ್ಲ ಎಂಬ ಮಾತಿನ ಮೇಲೆಯೇ ನನ್ನ ಅನ್ನ ನಡೆಯುತ್ತದೆ. ಆದರೂ ಇದು ನಡೆದದ್ದು, ನನ್ನದೇ ಬಾಡಿಗೆ ಮನೆಯಲ್ಲಿ, ನನ್ನ ಕಣ್ಣೆದುರಿಗೆ. ಸುಳ್ಳು ಎನ್ನುವವರು ಪುಣ್ಯವಂತರು. ಅವರು ಹಾಗೆಯೇ ಇರಲಿ.

ಮೊದಲು ಅವ್ವನ ಬಗ್ಗೆ ಹೇಳಬೇಕು. ಬಾಗಲಕೋಟೆಯಲ್ಲಿ ಅವ್ವನದೊಂದು ಖಾನಾವಳಿ ಇದೆ. ಕೆಳಗೆ ಊಟದ ಕೋಣೆ, ಮೇಲೆ ಮನೆ. 'ಬರ್ರಿ, ಉಣ್ಣಾಕ ಕುಂದರ್ರಿ' ಎನ್ನುವುದು ಅವಳಿಗೆ ಉಸಿರಾಟವಿದ್ದ ಹಾಗೆ. ನಮ್ಮ ಕಡೆ ಯಾರನ್ನಾದರೂ ಬಿಟ್ಟು ಹೊರಡುವಾಗ 'ನಮ್ಮ ಮನಿಗೂ ಬರ್ರಿ' ಎನ್ನದಿದ್ದರೆ ಅದು ದೊಡ್ಡ ತಪ್ಪು. ಹೀಗೆ ಕರೆದ ಮೇಲೆ ಹೋಗದಿದ್ದರೆ ಅದು ಅವಮಾನ. ಹಿಂದಿನ ಸಲ ಬಂದಾಗ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್‌ಗೆ ಮುದ್ರೆ ಒತ್ತಿದ ಗಡ್ಡದವನನ್ನೂ ಅವ್ವ ಊಟಕ್ಕೆ ಕರೆದಿದ್ದಳು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ಈ ಸಲ ಶಾಲೆಯ ಶರತ್ಕಾಲದ ರಜೆಗೆ ನಾನು, ಹೆಂಡತಿ ಶ್ವೇತಾ, ಒಂದನೇ ತರಗತಿಯ ಮಗಳು ಇಂಚರ ವಿಯೆಟ್ನಾಂಗೆ ಹೊರಟೆವು. ಅವ್ವ ಬೆಂಗಳೂರಿನಿಂದ ವಿಮಾನ ಹತ್ತಿ ಬಂದು ನಮ್ಮನ್ನು ಅಲ್ಲೇ ಸೇರಿಕೊಂಡಳು. ಸುತ್ತಾಡಿದ ಮೇಲೆ ಅವಳನ್ನು ಜರ್ಮನಿಗೆ ಕರೆದುಕೊಂಡು ಬರುವುದೆಂದು ಮಾತಾಗಿತ್ತು.

ಅಲ್ಲಿ ನಾವು ಸುತ್ತಾಡಿದ ಸಮುದ್ರದ ಕೊಲ್ಲಿಯನ್ನು ಫೋಟೋದಲ್ಲಿ ನೋಡಿದವರಿಗೆ ಅದು ಸುಂದರ. ಹಸಿರು ನೀರು, ಅದರಿಂದ ನೇರ ಮೇಲೆದ್ದ ಸುಣ್ಣಕಲ್ಲಿನ ಗುಡ್ಡಗಳು. ನನಗೆ ಮಾತ್ರ ಮೊದಲ ದಿನದಿಂದಲೇ ಅಲ್ಲಿ ಉಸಿರು ಕಟ್ಟಿದಂತಾಗುತ್ತಿತ್ತು. ಎತ್ತ ತಿರುಗಿದರೂ ಒಂದು ಗುಡ್ಡ ಅಡ್ಡ ನಿಂತಿರುತ್ತಿತ್ತು. ಬಂದ ದಾರಿ ಹಿಂದೆಯೇ ಮುಚ್ಚಿಕೊಳ್ಳುತ್ತಿತ್ತು.

ಕೊನೆಯ ದಿನ ಒಂದು ಬಿದಿರಿನ ದೋಣಿಯಲ್ಲಿ ನಮ್ಮನ್ನು ಗುಹೆಗೆ ಕರೆದೊಯ್ದರು. ಹುಟ್ಟು ಹಾಕುತ್ತಿದ್ದವಳು ನಡುವಯಸ್ಸಿನ ಹೆಂಗಸು. ಅವಳಿಗೆ ನಾಲ್ಕಾರು ಇಂಗ್ಲಿಷ್ ಪದಗಳು ಬರುತ್ತಿದ್ದವು, ಅಷ್ಟೇ. ಗುಹೆಯ ಬಾಯಿ ಎಷ್ಟು ತಗ್ಗಾಗಿತ್ತೆಂದರೆ ನಾವೆಲ್ಲ ಬೆನ್ನು ಬಗ್ಗಿಸಿ ಕೂರಬೇಕಾಯಿತು. ಒಳಗೆ ಕತ್ತಲು… ಒದ್ದೆ ಕಲ್ಲಿನ ವಾಸನೆ, ಬಾವಲಿ ಹಿಕ್ಕೆಯ ಘಾಟು… ಮೇಲಿನಿಂದ ಎಡೆಬಿಡದೆ ತೊಟ್ಟಿಕ್ಕುವ ನೀರು.

ಒಂದು ಕಡೆ ಕಲ್ಲಿನ ಚಾಚಿನ ಮೇಲೆ ಪುಟ್ಟ ಗೂಡು ಕಂಡಿತು. ಉರಿದು ಮುಗಿದ ಊದಿನಕಡ್ಡಿಗಳು, ಸಣ್ಣ ಬಟ್ಟಲುಗಳು, ಒಣಗಿ ಹೋದ ಕಿತ್ತಳೆ. "ಇದ್ಯಾವ ದೇವ್ರು?" ಎಂದು ಶ್ವೇತಾ ಕೇಳಿದಳು. ನಾನು ಅದನ್ನು ಇಂಗ್ಲಿಷಿನಲ್ಲಿ ಕೇಳಿದೆ.

ದೇವರಲ್ಲ, ಎಂದಳು ದೋಣಿಯವಳು. ನೀರಿನಲ್ಲಿ ಸತ್ತವರು. ಮನೆ ಇಲ್ಲ, ಬಂಧು ಇಲ್ಲ, ಊಟಕ್ಕೆ ಕರೆಯುವವರು ಇಲ್ಲ.

ಅದನ್ನು ನಾನು ಅವ್ವನಿಗೆ ಹೇಳಿದೆ. ಖಾನಾವಳಿಯವಳಿಗೆ ಇಂಥ ಮಾತು ಹೇಳಿದರೆ ಕೇಳಬೇಕೆ? ಅವಳ ಮುಖ ಬಾಡಿ ಹೋಯಿತು. "ಉಣ್ಣಾಕ ಕರಿಯೋರ ಇಲ್ಲೇನ? ಅಯ್ಯ ಶಿವನ…" ಎನ್ನುತ್ತ ಚೀಲದಿಂದ ಖಡಕ್ ರೊಟ್ಟಿ ತೆಗೆದಳು. ರೊಟ್ಟಿ ಮುರಿದು, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಹಚ್ಚಿ, ಆ ಗೂಡಿನ ಮುಂದಿಟ್ಟು ಕೈ ಮುಗಿದಳು.

"ಇದು ಬರೇ ಬುತ್ತಿ. ಬಿಸಿ ರೊಟ್ಟಿ ಉಣ್ಣಬೇಕಂದ್ರ ನಮ್ಮ ಮನಿಗೆ ಬರ್ರಿ. ಎಲ್ಲಾರೂ ಬರ್ರಿ."

ತೊಟ್ಟಿಕ್ಕುವ ಸದ್ದು ನಿಂತಿತು.

ಅಷ್ಟು ದೊಡ್ಡ ಗುಹೆಯಲ್ಲಿ ಒಂದು ಹನಿಯೂ ಬೀಳಲಿಲ್ಲ. ಅವ್ವ ಏನೆಂದಳು ಎಂದು ದೋಣಿಯವಳು ಕೇಳಿದಳು. ನಾನು ನಗುತ್ತಲೇ ಹೇಳಿದೆ. ಅವಳು ನಗಲಿಲ್ಲ. ಹುಟ್ಟಿನಿಂದ ನೀರಿಗೆ ಪಟಪಟ ಬಡಿದಳು. ಬೇಡ ಅನ್ನಲು ಹೇಳು, ಈಗಲೇ ಹೇಳು, ಎಂದು ನನ್ನ ತೋಳು ಹಿಡಿದು ಅಲ್ಲಾಡಿಸಿದಳು.

ಅವ್ವ ಒಪ್ಪಲಿಲ್ಲ. "ಕರದು ಬ್ಯಾಡ ಅಂದ್ರ ನಾಲಿಗಿಗೆ ಮರ್ಯಾದಿ ಉಳೀತೈತೇನು?"

ಬರುವಾಗ ಸಲೀಸಾಗಿ ತೇಲಿದ್ದ ದೋಣಿ ಹೋಗುವಾಗ ಅಂಚಿನವರೆಗೂ ಮುಳುಗಿತ್ತು. ಇದ್ದವರು ಬರುವಾಗ ಇದ್ದಷ್ಟೇ ಜನ. ದೋಣಿಯವಳು ದಡ ಸೇರುವವರೆಗೆ ಹಿಂದಕ್ಕೆ ತಿರುಗಿ ನೋಡಲೇ ಇಲ್ಲ. ನಾವು ಇಳಿದದ್ದೇ ತಡ, ಉಪ್ಪು ಎರಚಿ ದೋಣಿಯನ್ನು ತಿಕ್ಕತೊಡಗಿದಳು.

ಅಬ್‌ಸ್ಟಾಟ್‌ಗೆ ಮರಳಿದಾಗ ಚಳಿಗಾಲಕ್ಕೆಂದು ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದರು. ಸಂಜೆ ಐದಕ್ಕೆಲ್ಲ ಕಾಳರಾತ್ರಿ. ಆ ವಾರದ ಕೇರ್‌ವೋಖೆ ನಮ್ಮದು, ಅಂದರೆ ಮೆಟ್ಟಿಲು ಗುಡಿಸಿ ಒರೆಸುವ ಪಾಳಿ. ನಾನು ಒರೆಸಿ ಒಳಗೆ ಬಂದು ಚಹಾ ಕುಡಿಯುತ್ತಿದ್ದೆ. ಬೆಲ್ ಆಯಿತು. ಕೆಳಗಿನ ಮನೆಯ ಮುದುಕಿ, ಫ್ರಾವ್ ಲುಟ್ಸ್, ಸಿಟ್ಟಿನಿಂದ ನಿಂತಿದ್ದಳು. ಒದ್ದೆ ಕಾಲಿನಲ್ಲಿ ಬಂದ ನಿಮ್ಮ ಅತಿಥಿಗಳು ಯಾರು ಎಂದು ಕೇಳಿದಳು.

ಇಳಿದು ನೋಡಿದೆ. ಹೊರಬಾಗಿಲಿನಿಂದ ನಮ್ಮ ಹೊಸ್ತಿಲಿನವರೆಗೆ ಬರಿಗಾಲಿನ ಹೆಜ್ಜೆಗಳು. ಒಣಗಿದ ಕಡೆ ಅಂಚಿಗೆ ಸುಣ್ಣದಂತೆ ಬೆಳ್ಳಗಾಗಿದ್ದವು. ಎಲ್ಲವೂ ಮೇಲೆ ಬಂದ ಹೆಜ್ಜೆಗಳು. ಇಳಿದು ಹೋದದ್ದು ಒಂದೂ ಇರಲಿಲ್ಲ.

ಮತ್ತೆ ಒರೆಸಿದೆ. ಮರುದಿನ ಮತ್ತೆ ಇದ್ದವು.

ಗೋಡೆಗಳು ಬೆವರತೊಡಗಿದವು. ಮನೆ ಮಾಲೀಕ ಬಂದು ಮೂಸಿ ನೋಡಿ, ಇದು ಶಿಮ್ಮೆಲ್, ಬೂಷ್ಟು, ಎಂದು ತೀರ್ಪು ಕೊಟ್ಟ. ದಿನಕ್ಕೆರಡು ಸಲ ಕಿಟಕಿ ಪೂರ್ತಿ ತೆರೆಯಿರಿ, ಅಡುಗೆ ಕಡಿಮೆ ಮಾಡಿ, ಎಂದ. ಜರ್ಮನ್ನರಿಗೆ ಕಿಟಕಿ ತೆರೆದರೆ ಎಲ್ಲ ರೋಗವೂ ವಾಸಿ. ನಾನು ಆ ಗೋಡೆಗೆ ಬೆರಳು ಹಚ್ಚಿ ನಾಲಿಗೆಗೆ ಇಟ್ಟುಕೊಂಡೆ. ಉಪ್ಪು. ಸಮುದ್ರ ನಮ್ಮಿಂದ ನೂರಾರು ಕಿಲೋಮೀಟರ್ ದೂರ.

ಅವ್ವ ಮಾತ್ರ ರೊಟ್ಟಿ ಬಡಿಯುತ್ತಲೇ ಇದ್ದಳು. ನಮಗೆ ಬೇಕಾದ್ದಕ್ಕಿಂತ ಬಹಳ ಹೆಚ್ಚು. ತಿಂಗಳುಗಟ್ಟಲೆ ಕಟಕಟ ಎನ್ನುವ ಖಡಕ್ ರೊಟ್ಟಿ, ಬೆಳಗಾಗುವಷ್ಟರಲ್ಲಿ ನೆನೆದ ಬಟ್ಟೆಯಾಗಿ ಬಿದ್ದಿರುತ್ತಿತ್ತು.

"ಅವ್ವಾ, ಯಾರಿಗಿಷ್ಟು?"

ಅವಳು ತಲೆ ಎತ್ತಲಿಲ್ಲ. "ಬಂದಾರಲ್ಲೋ ಮಲ್ಲೂ," ಎಂದಳು ಮೆಲ್ಲಗೆ.

ಆ ರಾತ್ರಿ ಮಲಗಿಸುವಾಗ ಇಂಚರ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. "ಪಾಪಾ, ದೀ ಹಾಬೆನ್ ಇಮ್ಮರ್ ನೋಖ್ ಹುಂಗರ್." ಅವರಿಗೆ ಇನ್ನೂ ಹಸಿವೆಯಂತೆ. ಯಾರಿಗೆ ಮಗಳೇ ಎಂದೆ. ಅವಳು ಹೊರಬಾಗಿಲ ಬಳಿಯ ಚಪ್ಪಲಿ ಗೂಡಿನ ಕಡೆ ಬೆರಳು ತೋರಿಸಿ, ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡಳು. ಅಲ್ಲಿ ಯಾರೂ ಇರಲಿಲ್ಲ. ವಾಸನೆ ಇತ್ತು. ಒದ್ದೆ ಕಲ್ಲು… ಬಾವಲಿ ಹಿಕ್ಕೆ… ಆರಿದ ಊದಿನಕಡ್ಡಿ.

ನನಗೆ ಹೆದರಿಕೆಗಿಂತ ಸಿಟ್ಟು ಹೆಚ್ಚಾಗಿತ್ತು. ಅವ್ವನ ಮೇಲೆ, ಆ ಗುಹೆಯ ಮೇಲೆ, ಉಂಡು ಉಂಡು ತೃಪ್ತಿಯಿಲ್ಲದ ಈ ಕಾಣದ ಹೊಟ್ಟೆಗಳ ಮೇಲೆ.

ಶುಕ್ರವಾರ ಆಫೀಸಿನಿಂದ ಬಂದೆ. ಶ್ವೇತಾ ಶಾಲೆಯ ಪಾಲಕರ ಸಭೆಗೆ ಹೋಗಿದ್ದಳು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು. ಬಚ್ಚಲಿನಲ್ಲಿ ಇನ್ನೊಂದು ಸದ್ದು… ಟಕ್… ಟಕ್… ಹುಟ್ಟು ದೋಣಿಯ ಅಂಚಿಗೆ ತಾಗುವ ಸದ್ದು. ಅದನ್ನು ನಾನು ಎಲ್ಲಿ ಕೇಳಿದರೂ ಗುರುತು ಹಿಡಿಯುತ್ತೇನೆ.

"ಇಂಚರಾ?"

ಬಚ್ಚಲಿನ ಬಾಗಿಲು ತಳ್ಳಿದೆ. ಚಿಲಕ ಹಾಕಿರಲಿಲ್ಲ, ಆದರೂ ಬಾಗಿಲು ಜರುಗಲಿಲ್ಲ. ಒಳಗಿನಿಂದ ಬಹಳ ಜನ ಬೆನ್ನು ಕೊಟ್ಟು ನಿಂತಂತೆ ಒತ್ತಡ. ನಾನು ಭುಜದಿಂದ ಗುದ್ದಿದೆ, ಕೂಗಿದೆ, ಕಾಲಿನಿಂದ ಒದ್ದೆ. ಬಾಗಿಲ ಸಂದಿನಿಂದ ತಣ್ಣನೆಯ ಗಾಳಿ ಬರುತ್ತಿತ್ತು.

ಹಿಂದೆ ಅವ್ವ ಬಂದಳು. ಕೈತುಂಬ ಜೋಳದ ಹಿಟ್ಟು. ಬಾಗಿಲಿಗೆ ಅಂಗೈಯಿಟ್ಟಳು. ಅವಳ ಅಂಥ ಧ್ವನಿಯನ್ನು ಹುಟ್ಟಿದಾಗಿನಿಂದ ನಾನು ಕೇಳಿರಲಿಲ್ಲ.

"ಉಂಡ ಮನಿ ಕೂಸಿಗೆ ಕೈ ಹಚ್ಚತೀರಿ?"

ಬಾಗಿಲು ತೆರೆಯಿತು.

ಟಬ್ ಒಣಗಿತ್ತು. ಅದರೊಳಗೆ ಇಂಚರ ಶಾಲೆಯ ಬಟ್ಟೆಯಲ್ಲೇ ಕುಳಿತಿದ್ದಳು. ತುಟಿ ನೀಲಿ. ಕೂದಲಿನಿಂದ ನೀರು ಸುರಿಯುತ್ತಿತ್ತು. ಎರಡೂ ಕಾಲ್ಗಿಣ್ಣುಗಳ ಸುತ್ತ ಬೆಳ್ಳನೆಯ ಬೆರಳ ಗುರುತು. ನಾನು ಎತ್ತಿಕೊಂಡಾಗ ಅವಳು ಅತ್ತಳು, ನನ್ನನ್ನು ಅಪ್ಪಿ ಅಲ್ಲ, ಟಬ್‌ನ ಕಡೆ ಕೈ ಚಾಚಿ. ದೋಣಿ ಈಗ ಹೊರಡುತ್ತದೆಯಂತೆ. ತನಗೆ ಜಾಗ ಹಿಡಿದಿದ್ದಾರಂತೆ.

"ಹೋಗ್ರಿ ಅನ್ನವ್ವಾ ಅವರಿಗೆ," ಎಂದೆ.

"ಎಲ್ಲಿಗಂತ ಹೋಗತಾರ? ಮನಿ ಇದ್ದೋರಿಗೆ ಹೋಗ್ರಿ ಅನ್ನಬೌದು." ಅವ್ವ ಮೊಮ್ಮಗಳ ಕಾಲಿನ ಗುರುತನ್ನು ಸೆರಗಿನಿಂದ ಒರೆಸಿದಳು. ಅದು ಹೋಗಲಿಲ್ಲ. ಆಮೇಲೆ ಚಪ್ಪಲಿ ಗೂಡಿನ ಕಡೆ ತಿರುಗಿದಳು.

"ಇದು ನನ್ನ ಮಗನ ಮನಿ. ನಾ ಕರದಿದ್ದು ನನ್ನ ಮನಿಗೆ. ನೀವು ದಾರಿ ತಪ್ಪಿ ಇಲ್ಲಿಗೆ ಬಂದೀರಿ. ಏಳ್ರಿ… ನನ್ನ ಕೂಡ ಬರ್ರಿ."

ಗೋಡೆಯಿಂದ ಇಳಿಯುತ್ತಿದ್ದ ನೀರು ನಿಂತಿತು. ಗುಹೆಯಲ್ಲಿ ನಿಂತ ಹಾಗೆಯೇ.

ನಾನು ಬೇಡವೆಂದೆ. ಶ್ವೇತಾ ಬಂದವಳು, "ಅತ್ತೆ, ನೀವು ಒಬ್ಬರೇ ಹೋಗ್ಬೇಡಿ" ಎಂದು ಕೈ ಹಿಡಿದು ಅತ್ತಳು. ಅವ್ವ ಕೇಳಲಿಲ್ಲ. ಟಿಕೆಟ್ ಬದಲಾಯಿಸಿ ಭಾನುವಾರವೇ ಹೊರಟಳು. ಫ್ರಾಂಕ್‌ಫರ್ಟ್‌ನಲ್ಲಿ ಪಾಸ್‌ಪೋರ್ಟ್ ನೋಡಿದವನಿಗೂ 'ಮನಿಗೆ ಬರ್ರಿ' ಅನ್ನಲಿಲ್ಲ. ಅವಳು ನಡೆದು ಹೋದ ಮೇಲೆ ಹೊಳೆಯುವ ನೆಲದ ಮೇಲೆ ಅಗಲಕ್ಕೂ ಒದ್ದೆ ಹೆಜ್ಜೆಗಳು ಮೂಡುತ್ತ ಹೋದವು. ಸ್ವಚ್ಛ ಮಾಡುವವನೊಬ್ಬ ಗೊಣಗುತ್ತ ಬಂದು, ಜಾರುತ್ತದೆ ಎಂಬ ಹಳದಿ ಫಲಕವನ್ನು ಅಲ್ಲಿಟ್ಟ.

ನಮ್ಮ ಮನೆ ಒಣಗಿತು. ಇಂಚರಳ ಕಾಲಿನ ಗುರುತು ಮಾಸಿತು. ಮಾಲೀಕ ಬಂದು ಗೋಡೆ ಸವರಿ, ನೋಡಿದಿರಾ, ಕಿಟಕಿ ತೆರೆದರೆ ಸಾಕು, ಎಂದು ಬೀಗಿದ. ನಾನು ಹೌದೆಂದೆ.

ಅವ್ವ ಖಾನಾವಳಿಯ ಬಾಗಿಲು ಗಿರಾಕಿಗಳಿಗೆ ಮುಚ್ಚಿದ್ದಾಳೆ. ಆದರೆ ಯಾವಾಗ ಫೋನ್ ಮಾಡಿದರೂ ರೊಟ್ಟಿ ಬಡಿಯುತ್ತಿರುತ್ತಾಳೆ. ವೀಡಿಯೊದಲ್ಲಿ ಸಣ್ಣಗಾಗಿ ಕಾಣುತ್ತಾಳೆ, ಕೂದಲು ಸದಾ ಒದ್ದೆ. ಡಾಕ್ಟರರ ಹತ್ತಿರ ಹೋಗೆಂದರೆ ನಗುತ್ತಾಳೆ.

ಮೊನ್ನೆ ತಡೆಯಲಾಗದೆ ಹೇಳಿದೆ. "ಅವ್ವಾ, ನಾವೆಲ್ಲ ಯುಗಾದಿಗೆ ಬರ್ತೀವಿ."

ಬಡಿಯುವ ಸದ್ದು ನಿಂತಿತು. ಕಂಡಕಂಡವರನ್ನೆಲ್ಲ ಮನೆಗೆ ಕರೆದವಳು, ಬಸ್ಸಿನಲ್ಲಿ ಪಕ್ಕ ಕುಳಿತವರನ್ನೂ ಬಿಡದವಳು, ಹೆತ್ತ ಮಗನಿಗೆ ಹೇಳಿದಳು.

"ನೀ ಬರಬ್ಯಾಡ. ಕೂಸಿನ್ನಂತೂ ಕರಕೊಂಡು ಬರಲೇಬ್ಯಾಡ. ಇಲ್ಲಿ ಪಂಕ್ತಿ ಇನ್ನೂ ಮುಗದಿಲ್ಲೋ ಮಲ್ಲೂ."

ಫೋನ್ ಇಡುವ ಮುಂಚೆ ಅವಳ ಹಿಂದಿನಿಂದ ಇನ್ನೊಂದು ಧ್ವನಿ ಬಂತು. ಬಾಯಲ್ಲಿ ನೀರು ತುಂಬಿಕೊಂಡು ಮಾತಾಡಿದ ಹಾಗೆ, ಈಗಷ್ಟೇ ಕಲಿತ ಪದವನ್ನು ಒಪ್ಪಿಸಿದ ಹಾಗೆ, ನಿಧಾನವಾಗಿ.

"ಮನಿಗೆ… ಬರ್ರಿ."

ನಮ್ಮ ಕಡೆ ಕರೆದ ಮೇಲೆ ಹೋಗದಿದ್ದರೆ ಅವಮಾನ. ಅಲ್ಲಿ ಇರುವವಳು ನನ್ನ ಅವ್ವ. ಟಿಕೆಟ್ ಇನ್ನೂ ತೆಗೆದಿಲ್ಲ.